ಕೆಂಪು ದಾರದ ಬಾಚಣಿಗೆ

ಒಂದು ಕಾಲದಲ್ಲಿ ನಮ್ಮ ಮನೆಯ ಕನ್ನಡಿಯ ಕೆಳಗಿನ ಹಲಗೆಯ ಮೇಲೆ ಐದು ಬಾಚಣಿಗೆಗಳಿರುತ್ತಿದ್ದವು. ನಾಲ್ಕಕ್ಕೆ ಇಂಥವರದೇ ಎಂಬ ಲೆಕ್ಕವಿರಲಿಲ್ಲ, ಯಾರ ಕೈಗೆ ಯಾವುದು ಸಿಕ್ಕಿತೋ ಅದು ಅವರದು. ಐದನೆಯದರ ಹಿಡಿಗೆ ಮಾತ್ರ ಕೆಂಪು ದಾರ ಸುತ್ತಿತ್ತು. ಅದು ಪುಟ್ಟಿಯದು. ದಾರ ಸುತ್ತಿದವಳು ನಾನು.

ತಲೆಹೊಟ್ಟಿನ ಬಗ್ಗೆ ಬರೆಯುತ್ತೇನೆ ಎಂದಾಗ ಇವರು ಪೇಪರಿನಿಂದ ಮುಖ ಎತ್ತಿ, "ಬರೆಯೋಕೆ ನಿನಗೆ ಬೇರೆ ಏನೂ ಸಿಗಲಿಲ್ವಾ?" ಎಂದರು. ಸಿಗುತ್ತಿತ್ತು. ಆದರೆ ಮೂವತ್ತು ವರ್ಷದಿಂದ ಮನಸ್ಸಿನಲ್ಲಿ ಕೆರೆಯುತ್ತಿರುವುದು ಇದೇ. ತಲೆಯ ಕೆರೆತಕ್ಕಾದರೆ ಈಗ ಔಷಧಿ ಇದೆ.

ಪುಟ್ಟಿ ಇವರ ಅಕ್ಕನ ಮಗಳು. 1993ರ ಜೂನ್ ತಿಂಗಳಲ್ಲಿ, ಮಳೆ ಹಿಡಿದ ಒಂದು ಬೆಳಿಗ್ಗೆ ಹೊಸನಗರದ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬಂದು ಶಿವಮೊಗ್ಗದ ನಮ್ಮ ಮನೆಯ ಮುಂದೆ ಇಳಿದಳು. ಕಾಲೇಜಿಗೆ ಸೇರಬೇಕಿತ್ತು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದರಲ್ಲಿ ಅತ್ತಿಗೆ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಜಾಡಿ. ಹದಿನಾರು ವರ್ಷ, ಸೊಂಟ ಮುಟ್ಟುವ ಜಡೆ. ನನ್ನ ಮಗಳಿಗೆ ಆಗ ಹನ್ನೆರಡು ತುಂಬಿತ್ತು. "ಪುಟ್ಟಕ್ಕ, ಪುಟ್ಟಕ್ಕ" ಎಂದು ಅವಳ ಬೆನ್ನು ಬಿಡುತ್ತಿರಲಿಲ್ಲ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

ಬಂದ ವಾರದಲ್ಲೇ ನನ್ನ ಕಣ್ಣಿಗೆ ಬಿದ್ದದ್ದು ಅವಳ ಕಪ್ಪು ರವಿಕೆಯ ಹೆಗಲ ಮೇಲಿನ ಬಿಳಿ ಪುಡಿ. ದಿಂಬಿನ ಮೇಲೂ ಇತ್ತು. ಬೈತಲೆಯ ಅಂಚಿನಲ್ಲಿ, ಹುಬ್ಬಿನಲ್ಲಿ, ಮೂಗಿನ ಪಕ್ಕದ ಗೆರೆಯಲ್ಲಿ ಕೆಂಪಗೆ ಸಿಪ್ಪೆ ಏಳುತ್ತಿತ್ತು. ಹಳ್ಳಿಯಲ್ಲಿ ಸರಿಯಾಗಿ ತಲೆ ತೊಳೆದುಕೊಂಡಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳಲು ನನಗೆ ಒಂದು ಕ್ಷಣವೂ ಬೇಕಾಗಲಿಲ್ಲ, ನೋಡಿ. ಅತ್ತಿಗೆಯ ಮನೆಯ ಬಚ್ಚಲ ಹಂಡೆಯಲ್ಲಿ ದಿನಾ ನೀರು ಕಾಯುತ್ತಿತ್ತು. ವಾರಕ್ಕೊಮ್ಮೆ ದಾಸವಾಳದ ಸೊಪ್ಪು ಕಿವುಚಿ, ಅಂಟುವಾಳ ನೆನೆಸಿ ಮಕ್ಕಳ ತಲೆ ತಿಕ್ಕುತ್ತಿದ್ದರು. ಅದನ್ನೆಲ್ಲ ನಾನೇ ಕಂಡವಳು. ಆದರೂ ಪುಡಿ ಕಂಡ ಕೂಡಲೇ ಕೊಳೆ ಎಂದಿತು ಮನಸ್ಸು.

ಒಣಗಿದ ತಲೆ ಎಂದುಕೊಂಡು ಎಣ್ಣೆ ಹೆಚ್ಚಿಸಿದೆ. ಪ್ರತಿ ರಾತ್ರಿ ನೆತ್ತಿಗೆ ತೊಟ್ಟಿಕ್ಕುವಷ್ಟು ಕೊಬ್ಬರಿ ಎಣ್ಣೆ. ಹೊಟ್ಟು ಇನ್ನೂ ಹೆಚ್ಚಿತು. ನವರಾತ್ರಿಯ ಹೊತ್ತಿಗೆ ನನ್ನ ಮಗಳ ಯೂನಿಫಾರಂ ಕೋಟಿನ ಮೇಲೂ ಬಿಳಿ ಚುಕ್ಕೆ ಕಂಡಿತು. ಅಂದು ಸಂಜೆಯೇ ಪೇಟೆಗೆ ಹೋಗಿ ಹೊಸ ಬಾಚಣಿಗೆ ತಂದೆ, ದೇವರ ಮನೆಯ ಡಬ್ಬಿಯಿಂದ ಕೆಂಪು ದಾರ ತೆಗೆದು ಹಿಡಿಗೆ ಸುತ್ತಿ ಗಂಟು ಹಾಕಿದೆ. "ಬೇಜಾರು ಮಾಡ್ಕೋಬೇಡ ಮಾರಾಯ್ತಿ, ಎಲ್ಲರ ಒಳ್ಳೇದಕ್ಕೇ ಹೇಳ್ತಿರೋದು. ಇನ್ಮೇಲೆ ಇದು ನಿಂದು, ಬೇರೆ ಯಾವುದನ್ನೂ ಮುಟ್ಟಬೇಡ." ಮಗಳು ಪಕ್ಕದಲ್ಲೇ ನಿಂತಿದ್ದಳು. ಪುಟ್ಟಿ "ಆಯ್ತು ಅತ್ತೆ" ಎಂದಳು, ಅಷ್ಟೇ.

ಬಾಚಣಿಗೆಯ ಹಿಂದೆ ಟವೆಲು ಬೇರೆಯಾಯಿತು, ದಿಂಬಿನ ಚೀಲ ಬೇರೆ ಬಕೆಟ್ಟಿಗೆ ಹೋಯಿತು. ಶನಿವಾರದ ಎಣ್ಣೆಸ್ನಾನದ ಸರದಿಯಲ್ಲಿ ಅವಳು ಕೊನೆಗೆ ಬಂದಳು. ಬೇಸಿಗೆ ರಜೆ ಕಳೆದು ಎರಡನೆಯ ವರ್ಷ ಶುರುವಾಗುವಾಗ, ಓದಲು ಅನುಕೂಲ ಎಂದು ಅವಳೇ ಕೇಳಿ ಹಾಸ್ಟೆಲ್ ಸೇರಿದಳು. ನಾನು ತಡೆಯಲಿಲ್ಲ. ಅತ್ತಿಗೆ ಒಂದು ಮಾತೂ ಆಡಲಿಲ್ಲ. ಆದರೆ ಆ ವರ್ಷದಿಂದ ಅಪ್ಪೆಮಿಡಿಯ ಜಾಡಿ ಬರುವುದು ನಿಂತಿತು. ಮಗಳ ತಲೆಯ ಹೊಟ್ಟು ಮಾತ್ರ ಪುಟ್ಟಿ ಹೋದ ಮೇಲೂ ಹೋಗಲಿಲ್ಲ. ಅದರಿಂದ ನಾನು ಏನಾದರೂ ಕಲಿಯಬಹುದಿತ್ತು. ಕಲಿಯಲಿಲ್ಲ. "ಒಮ್ಮೆ ಅಂಟಿದ್ದು ಎಲ್ಲಿ ಬಿಡತ್ತೆ" ಎಂದುಕೊಂಡೆ. ನಂಬಿಕೆಗೆ ಎದುರಾಗಿ ಬಂದ ಸಾಕ್ಷಿಯನ್ನು ಅದೇ ನಂಬಿಕೆಗೆ ಆಸರೆ ಮಾಡಿಕೊಳ್ಳುವ ವಿದ್ಯೆ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

2008ರಲ್ಲಿ ಮಗಳು ಬಾಣಂತನಕ್ಕೆ ಬಂದಳು. ಮಗು ಮೂರು ವಾರದ್ದಿರುವಾಗ ನೆತ್ತಿಯ ಮೇಲೆ ಹಳದಿ ಬಣ್ಣದ, ಜಿಡ್ಡು ಜಿಡ್ಡಾದ ಹಕ್ಕಳೆ ಕಟ್ಟಿತು. ಹುಬ್ಬಿನ ಮೇಲೂ ಸ್ವಲ್ಪ. ಗಾಬರಿಯಾಗಿ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ಆಕೆ ವಯಸ್ಸಾದ ಹೆಂಗಸು, ಹೆಚ್ಚು ಮಾತಿಲ್ಲ. ನೋಡಿ ನಕ್ಕರು. "ಇದೂ ಒಂದು ಥರ ತಲೆಹೊಟ್ಟೇ. ಕೆಲವು ತಿಂಗಳಲ್ಲಿ ತಾನಾಗಿಯೇ ಹೋಗತ್ತೆ. ಎಣ್ಣೆ ಹಚ್ಚಿ ಮೆತ್ತಗಾದ ಮೇಲೆ ಮೃದುವಾಗಿ ಬಾಚಿ ತೊಳೀರಿ, ಉಗುರು ಹಾಕಿ ಕೀಳಬೇಡಿ" ಎಂದರು. "ಯಾರಿಂದ ಅಂಟಿತು ಡಾಕ್ಟ್ರೇ?" ಎಂದು ಕೇಳಿದೆ. ನನ್ನ ಬಾಯಿಗೆ ಮೊದಲು ಬಂದ ಪ್ರಶ್ನೆ ಅದೇ! ಅವರು ನನ್ನನ್ನೇ ನೋಡಿದರು. "ಹಾಗೆ ಅಂಟೋ ಕಾಯಿಲೆ ಅಲ್ಲಮ್ಮ ಇದು. ಅದರ ಜೀವಿ ನಿಮ್ಮ ತಲೇಲೂ ಇದೆ, ನನ್ನ ತಲೇಲೂ ಇದೆ."

ಮನೆಗೆ ಬಂದು ಕನ್ನಡಿಯ ಮುಂದೆ ನಿಂತೆ. ಕೆಂಪು ದಾರದ ಬಾಚಣಿಗೆ ಅಲ್ಲಿರಲಿಲ್ಲ, ಹದಿನಾಲ್ಕು ವರ್ಷದ ಹಿಂದೆಯೇ ಹೋಗಿತ್ತು.

ಅಂದು ಡಾಕ್ಟರು ಹೇಳಿದ್ದಕ್ಕೆ ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ನಮ್ಮೆಲ್ಲರ ಚರ್ಮದ ಮೇಲೆ, ಅದರಲ್ಲೂ ಜಿಡ್ಡು ಹೆಚ್ಚು ಒಸರುವ ನೆತ್ತಿ, ಹಣೆ, ಮೂಗಿನ ಪಕ್ಕ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಒಂದು ಬಗೆಯ ಯೀಸ್ಟ್ ಬದುಕುತ್ತದೆ. ಹೆಸರು ಮಲಸೀಝಿಯಾ. ಬೂಷ್ಟಿನ ಕುಲದ್ದು. ಬ್ರೆಡ್ಡು ಉಬ್ಬಿಸುವ ಯೀಸ್ಟಿಗಿಂತ, ಮುಸುಕಿನ ಜೋಳದ ತೆನೆಗೆ ಬರುವ ಕಾಡಿಗೆ ರೋಗದ ಬೂಷ್ಟಿಗೆ ಇದು ಹತ್ತಿರದ ನೆಂಟ. ಒಂದು ಮಿಲಿಮೀಟರ್ ಉದ್ದಕ್ಕೆ ಇವನ್ನು ಸುಮಾರು 200ರಷ್ಟು ಸಾಲಾಗಿ ನಿಲ್ಲಿಸಬಹುದು, ಅಷ್ಟು ಸಣ್ಣವು. 1874ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಸೆ ಎಂಬ ವಿಜ್ಞಾನಿ ಚರ್ಮದ ಸಿಪ್ಪೆಗಳಲ್ಲಿ ಈ ಕಣಗಳನ್ನು ಕಂಡು ವಿವರಿಸಿದ, ಆ ಮೇಲೆ 1889ರಲ್ಲಿ ಅವನ ಹೆಸರನ್ನೇ ಇದಕ್ಕೆ ಇಟ್ಟರು. ಇದರ ಒಂದು ಜಾತಿಯ ಹೆಸರಿನಲ್ಲಿ ಫರ್‌ಫರ್ ಎಂಬ ಲ್ಯಾಟಿನ್ ಪದವಿದೆ, ತೌಡು ಎಂದು ಅರ್ಥ. ಬಹಳ ಕಾಲ ಬಳಕೆಯಲ್ಲಿದ್ದ ಪಿಟಿರೋಸ್ಪೋರಂ ಎಂಬ ಇನ್ನೊಂದು ಹೆಸರಿನಲ್ಲೂ ತೌಡಿಗಿರುವ ಗ್ರೀಕ್ ಪದವೇ ಇದೆ. ನಮ್ಮವರು ಹೊಟ್ಟು ಎಂದರು. ಮೊರದಲ್ಲಿ ಕೇರಿದ ಕೈಗಳಿಗೆ ಎಲ್ಲ ದೇಶದಲ್ಲೂ ಒಂದೇ ಹೋಲಿಕೆ ಹೊಳೆದಿದೆ.

ಈ ಜೀವಿಗೆ ಕೊಬ್ಬು ಬೇಕು. 2007ರಲ್ಲಿ ವಿಜ್ಞಾನಿಗಳು ಇದರ ಒಂದು ಜಾತಿಯ ವಂಶವಾಹಿಗಳನ್ನೆಲ್ಲ ಓದಿ ನೋಡಿದಾಗ, ತನಗೆ ಬೇಕಾದ ಕೊಬ್ಬಿನ ಆಮ್ಲವನ್ನು ತಾನೇ ಕಟ್ಟಿಕೊಳ್ಳುವ ಶಕ್ತಿ ಅದಕ್ಕಿಲ್ಲ ಎಂಬುದು ಕಂಡಿತು. ಪ್ರಯೋಗಶಾಲೆಯಲ್ಲಿ ಬೆಳೆಸುವಾಗ ಆಲಿವ್ ಎಣ್ಣೆಯಂಥದೇನಾದರೂ ಬಡಿಸಬೇಕು. ನಮ್ಮ ತಲೆಯ ಮೇಲೆ ಅದಕ್ಕೆ ಅನ್ನ ಎಂದರೆ ಚರ್ಮ ಒಸರುವ ಜಿಡ್ಡು. ಜಿಡ್ಡನ್ನು ಒಡೆದು ತನಗೆ ಬೇಕಾದ ಭಾಗವನ್ನು ತಿನ್ನುತ್ತದೆ, ಬೇಡದ್ದನ್ನು ಬಿಡುತ್ತದೆ. ಬಿಟ್ಟದ್ದರಲ್ಲಿ ಓಲಿಯಿಕ್ ಆಮ್ಲ ಎಂಬುದೊಂದಿದೆ. ಕೆಲವರ ಚರ್ಮ ಅದನ್ನು ಗಣನೆಗೇ ತಂದುಕೊಳ್ಳುವುದಿಲ್ಲ. ಇನ್ನು ಕೆಲವರ ಚರ್ಮ ಕೆರಳುತ್ತದೆ, ತುರಿಸುತ್ತದೆ. ತಿಂಗಳಿಗೊಮ್ಮೆ ಕಣ್ಣಿಗೆ ಕಾಣದಂತೆ ಉದುರಬೇಕಾದ ಮೇಲುಪದರ ಅವಸರದಲ್ಲಿ ಬೆಳೆದು, ಗುಂಪುಗುಂಪಾಗಿ ಬಿಳಿ ಸಿಪ್ಪೆಯಾಗಿ ಬೀಳುತ್ತದೆ. ಹೊಟ್ಟು ಎಂದರೆ ಇಷ್ಟು. ಅದೇ ಇನ್ನೂ ಜೋರಾಗಿ ಹುಬ್ಬು, ಕಿವಿಯ ಹಿಂದೆ, ಮೂಗಿನ ಪಕ್ಕಕ್ಕೆ ಕೆಂಪಗೆ ಹರಡಿದರೆ ಡರ್ಮಟೈಟಿಸ್ ಎನ್ನುತ್ತಾರೆ, ಪುಟ್ಟಿಗಿದ್ದದ್ದು ಅದೇ. ನಾನು ರಾತ್ರಿ ರಾತ್ರಿ ಹಚ್ಚಿದ ಎಣ್ಣೆಯಿಂದ ಅದಕ್ಕೆ ಗುಣವೇನೂ ಇರಲಿಲ್ಲ. ಹೊಟ್ಟು ಇದ್ದವರು ಎಣ್ಣೆ ಹಾಕಿ ಇಡೀ ರಾತ್ರಿ ಬಿಡಬೇಡಿ ಎಂದು ಈಗ ಚರ್ಮದ ಡಾಕ್ಟರುಗಳು ಹೇಳುತ್ತಾರೆ.

ಪ್ರಾಯಕ್ಕೆ ಬರುವಾಗ ಚರ್ಮದ ಜಿಡ್ಡು ಹೆಚ್ಚುತ್ತದೆ. ಹೊಟ್ಟು ಸಾಮಾನ್ಯವಾಗಿ ಶುರುವಾಗುವುದೂ ಆಗಲೇ. ನನ್ನ ಮಗಳಿಗೆ ಆ ನವರಾತ್ರಿಯಲ್ಲಿ ಹದಿಮೂರು ನಡೆಯುತ್ತಿತ್ತು. ಪುಟ್ಟಿ ಬರದೇ ಇದ್ದಿದ್ದರೂ ಆ ಕೋಟಿನ ಮೇಲೆ ಬಿಳಿ ಚುಕ್ಕೆ ಬೀಳುವ ಕಾಲ ಅದು. ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬಾಳಿನಲ್ಲಿ ಒಮ್ಮೆಯಾದರೂ ಬರುವ ಸಂಗತಿಗೆ ನಾನು ಒಬ್ಬ ಹುಡುಗಿಯನ್ನು ಹಿಡಿದು ನಿಲ್ಲಿಸಿದ್ದೆ.

ಇದಕ್ಕಿಂತ ಒಳಗೆ ನಾಟಿದ್ದು ಇನ್ನೊಂದು. 2012ರಲ್ಲಿ ಜಪಾನಿನ ಸಂಶೋಧಕರು ಒಂದು ವರದಿ ಪ್ರಕಟಿಸಿದರು. ಹುಟ್ಟಿದ ಒಂದೆರಡು ದಿನಗಳಲ್ಲೇ ಎಳೆಗೂಸಿನ ಚರ್ಮದ ಮೇಲೆ ಈ ಯೀಸ್ಟ್ ನೆಲೆಸುತ್ತದೆ, ಬರುವುದು ತಾಯಿಯ ಚರ್ಮದಿಂದ. ಅಂದರೆ ನನ್ನ ಮಗಳಿಗೆ ಅದನ್ನು ಕೊಟ್ಟವಳು ನಾನೇ ಇರಬೇಕು. ಮೊದಲ ಸಲ ಎತ್ತಿ ಎದೆಗೆ ಒತ್ತಿಕೊಂಡಾಗಲೇ ಕೊಟ್ಟಿರಬೇಕು. ನನಗೆ ನನ್ನ ಅಮ್ಮ, ಅಮ್ಮನಿಗೆ ಅಜ್ಜಿ. ಮನೆಯ ಹೆಂಗಸರಿಂದ ಹೆಂಗಸರಿಗೆ ಬಂದದ್ದು ಬಳೆ, ಓಲೆ, ಹಾಡು ಮಾತ್ರ ಎಂದುಕೊಂಡಿದ್ದೆವು.

ಇಲ್ಲಿಗೆ ನನ್ನ ತಪ್ಪು ಏನು ಎಂಬುದು ತೀರ್ಮಾನವಾಯಿತು ಎನಿಸಬಹುದು. ಗೊತ್ತಿರಲಿಲ್ಲ, ತಪ್ಪು ತಿಳಿದಿದ್ದೆ, ಈಗ ತಿಳಿಯಿತು. ಮಗಳು ಹೀಗೇ ಸಮಾಧಾನ ಮಾಡುತ್ತಾಳೆ. "ಆಗ ಯಾರಿಗೆ ಗೊತ್ತಿತ್ತಮ್ಮ? ಬಿಡು." ಬಲ್ಲವರೂ ಇದರಲ್ಲಿ ಎಡವಿದ್ದುಂಟು. ಹಿಂದಿನ ಶತಮಾನದ ಮೊದಲಲ್ಲಿ ಯೀಸ್ಟೇ ಕಾರಣ ಎಂದವರಿದ್ದರು. ಮಧ್ಯೆ ಎಷ್ಟೋ ವರ್ಷ, ಅದು ಪಾಪದ್ದು, ಸುಮ್ಮನೆ ಅಲ್ಲಿರುತ್ತದೆ, ಚರ್ಮದ ಅವಸರವೇ ಮೂಲ ಎಂದರು. 1984ರಲ್ಲಿ ಇಂಗ್ಲೆಂಡಿನ ಸ್ಯಾಮ್ ಶುಸ್ಟರ್ ಎಂಬ ಚರ್ಮವೈದ್ಯರು ಯೀಸ್ಟನ್ನು ಕೊಲ್ಲುವ ಔಷಧಿ ಕೊಟ್ಟರೆ ಹೊಟ್ಟೂ ಇಳಿಯುತ್ತದೆ ಎಂಬುದನ್ನು ಮುಂದಿಟ್ಟು ಮತ್ತೆ ಅದರ ಕಡೆಗೇ ಬೊಟ್ಟು ಮಾಡಿದರು. ಈಗ ಮೂರೂ ಬೇಕು ಎನ್ನುತ್ತಾರೆ. ಜಿಡ್ಡು ಬೇಕು, ಯೀಸ್ಟ್ ಬೇಕು, ಅದಕ್ಕೆ ಕೆರಳುವ ಚರ್ಮ ಬೇಕು. ಒಂದನ್ನು ತೆಗೆದರೂ ಹೊಟ್ಟಿಲ್ಲ. ಹಾಗಿದ್ದ ಮೇಲೆ ಅಪರಾಧಿ ಯಾರು? ಯಾರೂ ಅಲ್ಲ. ಆದರೆ "ಯಾರೂ ಅಲ್ಲ" ಎಂಬ ಉತ್ತರದಿಂದ ಮನೆ ನಡೆಸುವ ಹೆಂಗಸಿಗೆ ಸಮಾಧಾನ ಆಗುವುದಿಲ್ಲ, ಆಕೆಗೆ ಒಂದು ಬಾಚಣಿಗೆ ಬೇಕು.

ನಾನು ಮಾತ್ರ ಮಗಳ ಸಮಾಧಾನವನ್ನು ಒಪ್ಪಲಾರೆ. ಯಾಕೆಂದರೆ ನಾನೇ ನನಗೆ ಹಾಕಿಕೊಂಡ ಪ್ರಶ್ನೆ ಒಂದಿದೆ: ಹೊಟ್ಟು ನಿಜವಾಗಿಯೂ ಅಂಟುವಂಥದೇ ಆಗಿದ್ದಿದ್ದರೆ? ಆಗ ನಾನು ಮಾಡಿದ್ದು ಸರಿಯಾಗುತ್ತಿತ್ತೇ?

ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಅದೇ ವರ್ಷ ಮಗಳು ಶಾಲೆಯಿಂದ ಹೇನು ತಂದಿದ್ದಳು. ಹೇನು ನಿಜವಾಗಿಯೂ ತಲೆಯಿಂದ ತಲೆಗೆ ಹೋಗುತ್ತದೆ, ಪುಟ್ಟಿಯ ತಲೆಗೂ ಹೋಯಿತು. ಆಗ ನಾನೇನು ಮಾಡಿದೆ? ಭಾನುವಾರ ಮಧ್ಯಾಹ್ನ ಹಿತ್ತಲ ಬಿಸಿಲಲ್ಲಿ ಚಾಪೆ ಹಾಕಿ, ಬಿಳಿ ಪಂಚೆ ಹಾಸಿ, ಇಬ್ಬರನ್ನೂ ಮುಂದೆ ಕೂರಿಸಿಕೊಂಡು, ಹೇನಿನ ಬಾಚಣಿಗೆಯಿಂದ ಒಬ್ಬಳಾದ ಮೇಲೆ ಒಬ್ಬಳ ತಲೆ ಬಾಚಿದೆ. ಸೀರು ಕುಕ್ಕುತ್ತಾ ಮೂವರೂ ನಗುತ್ತಿದ್ದೆವು. ಯಾರಿಂದ ಯಾರಿಗೆ ಎಂಬ ಮಾತೇ ಬರಲಿಲ್ಲ. ಮಗಳ ಬಾಚಣಿಗೆಗೆ ದಾರ ಕಟ್ಟಬೇಕು ಎಂದು ನನಗೆ ಹೊಳೆಯಲೇ ಇಲ್ಲ. ಅಂಟುವ ಹೇನಿಗೆ ಚಾಪೆ, ಅಂಟದ ಹೊಟ್ಟಿಗೆ ದಾರ. ಹಾಗಾದರೆ ದಾರ ಕಟ್ಟಿದ್ದು ಆರೋಗ್ಯದ ಎಚ್ಚರವಾಗಿರಲಿಲ್ಲ. ಇವಳು ಹೊರಗಿನಿಂದ ಬಂದವಳು, ಅನ್ನ ಹಾಕುತ್ತಿರುವುದು ನಾನು, ಹಳ್ಳಿಯ ಹುಡುಗಿ, ಇಂಥದೇನೋ ಒಂದು ಒಳಗೆ ಇತ್ತು, ಹೊಟ್ಟು ಅದಕ್ಕೆ ಹೊರಬರಲು ದಾರಿ ಕೊಟ್ಟಿತು. ಚೊಕ್ಕಟ ಎಂಬ ಒಳ್ಳೆಯ ಮಾತಿನ ಹಿಂದೆ ನಿಂತು ಎಷ್ಟೆಲ್ಲ ಮಾಡಬಹುದು ಎಂಬುದು ಕೆಲಸದವಳಿಗೆ ಬೇರೆ ಲೋಟ ಇಟ್ಟ ಮನೆಗಳಲ್ಲಿ ಬೆಳೆದ ನನಗೆ ಗೊತ್ತಿರಬೇಕಿತ್ತು.

ಇನ್ನೊಂದು ಪ್ರಸಂಗ ಹೇಳಿಬಿಡುತ್ತೇನೆ. ನಮ್ಮ ಬೀದಿಯಲ್ಲಿ ಒಂದು ಹುಡುಗಿಯ ಕುತ್ತಿಗೆ, ಬೆನ್ನಿನ ಮೇಲೆ ತಿಳಿ ಬಣ್ಣದ ಮಚ್ಚೆಗಳಾದವು. ಗಂಡಿನ ಕಡೆಯವರು ನೋಡಿಹೋದ ಮೇಲೆ ಸುದ್ದಿಯಿಲ್ಲ. ತೊನ್ನು ಎಂದು ಯಾರೋ ಅಂದರಂತೆ. ಡಾಕ್ಟರಿಗೆ ತೋರಿಸಿದರೆ ಅದು ಬರೀ ಚಿಬ್ಬು, ಇದೇ ಯೀಸ್ಟಿನ ಇನ್ನೊಂದು ಕೆಲಸ. ಔಷಧಿ ಹಚ್ಚಿದರೆ ಕೆಲವು ವಾರಗಳಲ್ಲಿ ಯೀಸ್ಟ್ ಹತೋಟಿಗೆ ಬರುತ್ತದೆ, ಬಣ್ಣ ತಿರುಗಲು ತಿಂಗಳುಗಳು ಬೇಕು. ಅವಳ ತಾಯಿ ಮನೆಮನೆಗೂ ಹೋಗಿ, "ತೊನ್ನಲ್ಲವಂತೆ, ಬರೀ ಚಿಬ್ಬು" ಎಂದು ಹೇಳಿ ಬಂದರು. ನಾವೆಲ್ಲ ನಿಟ್ಟುಸಿರುಬಿಟ್ಟೆವು. ಆ ಹೊತ್ತಿಗೆ ನಮ್ಮ ಎದುರು ಮನೆಯಲ್ಲಿ, ಕೈಯ ಮೇಲೆ ನಿಜವಾಗಿಯೂ ತೊನ್ನಿದ್ದ ಒಬ್ಬ ಟೀಚರು ಬಾಡಿಗೆಗಿದ್ದರು. ಅವರೂ ಅಲ್ಲೇ ನಿಂತು ಕೇಳಿಸಿಕೊಂಡರು. ತೊನ್ನೂ ಯಾರಿಗೂ ಅಂಟುವುದಿಲ್ಲ. ಆದರೆ ನಮ್ಮ ನಿಟ್ಟುಸಿರಿನಲ್ಲಿ ಅವರಿಗೆ ಜಾಗ ಇರಲಿಲ್ಲ. ಪುಟ್ಟಿಗೆ ಇದ್ದದ್ದು ಅಂಟುಜಾಡ್ಯವಲ್ಲ, ಆದ್ದರಿಂದ ನಾನು ತಪ್ಪು ಮಾಡಿದೆ ಎಂದು ಮಾತ್ರ ಹೇಳಿ ನಿಲ್ಲಿಸಿದರೆ ನಾನೂ ಆ ನಿಟ್ಟುಸಿರನ್ನೇ ಬಿಟ್ಟಂತೆ.

ಈಗ ಇದಕ್ಕೆಲ್ಲ ಒಳ್ಳೆಯ ಶಾಂಪೂಗಳಿವೆ. ಕೀಟೋಕೊನಝೋಲ್ ಎಂಬ ಔಷಧಿ ಇರುವುದನ್ನು ವಾರಕ್ಕೆರಡು ಸಲ, ತಲೆಗೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆದರೆ ಕೆಲವು ವಾರಗಳಲ್ಲಿ ಹತೋಟಿಗೆ ಬರುತ್ತದೆ. ಹಚ್ಚಿದ ಕೂಡಲೇ ತೊಳೆದುಬಿಟ್ಟರೆ ದುಡ್ಡು ದಂಡ, ನಮ್ಮಲ್ಲಿ ಹೆಚ್ಚಿನವರು ಮಾಡುವುದು ಅದನ್ನೇ. ಹತೋಟಿಗೆ ಬರುತ್ತದೆ ಎಂದೆ, ಹೋಗುತ್ತದೆ ಎನ್ನಲಿಲ್ಲ. ಬಿಟ್ಟರೆ ಕೆಲವು ದಿನದಲ್ಲಿ ಮತ್ತೆ ಬರಬಹುದು. ಯೀಸ್ಟನ್ನು ಪೂರ್ತಿ ಓಡಿಸಲು ಸಾಧ್ಯವಿಲ್ಲ, ಓಡಿಸಬೇಕಾಗಿಯೂ ಇಲ್ಲ. ಟೀವಿಯಲ್ಲಿ ಅರ್ಧ ತಲೆಗೆ ಒಂದು ಶಾಂಪೂ, ಇನ್ನರ್ಧಕ್ಕೆ ಇನ್ನೊಂದು ಹಾಕಿ, ಕಪ್ಪು ಉಡುಪಿನ ಹೆಗಲು ತೋರಿಸುವ ಜಾಹೀರಾತು ನೋಡಿದಾಗ ನನಗೆ ಪುಟ್ಟಿಯ ಕಪ್ಪು ರವಿಕೆ ನೆನಪಾಗುತ್ತದೆ. ಅದರಲ್ಲಿ ಪಕ್ಕದವರು ದೂರ ಸರಿದು ಕೂರುತ್ತಾರಲ್ಲ, ಅವರ ಮುಖದ ಮೇಲಿನ ಭಾವ ನನ್ನದೇ.

ಆ ಬಾಣಂತನದ ಎರಡನೆಯ ತಿಂಗಳಲ್ಲಿ ಪುಟ್ಟಿ ಮಗು ನೋಡಲು ಬಂದಳು. ಈಗ ಬ್ಯಾಂಕಿನಲ್ಲಿ ಕೆಲಸ, ಎರಡು ಮಕ್ಕಳ ತಾಯಿ. ಕೈಕಾಲು ತೊಳೆದು ಬಂದು ತೊಟ್ಟಿಲ ಹತ್ತಿರ ನಿಂತು, ಕೈ ಚಾಚಿದವಳು ಅರ್ಧಕ್ಕೆ ನಿಲ್ಲಿಸಿ, "ಅತ್ತೆ, ಮುಟ್ಟಬಹುದಾ?" ಎಂದು ಕೇಳಿದಳು.

ಎಳೆಗೂಸನ್ನು ನೋಡಲು ಬಂದವರು ಯಾರಾದರೂ ಕೇಳುವ ಮಾತು ಅದು. ನನಗೆ ಮಾತ್ರ ಗಂಟಲು ಕಟ್ಟಿತು. "ಮುಟ್ಟು ಮಾರಾಯ್ತಿ, ಎತ್ಕೋ" ಎಂದೆ. ಆ ರಾತ್ರಿ ಊಟವಾದ ಮೇಲೆ, ಮಗಳು ಮಲಗಿದ ಮೇಲೆ, ಅಡುಗೆಮನೆಯಲ್ಲಿ ಅವಳೊಬ್ಬಳೇ ಸಿಕ್ಕಾಗ ಕೇಳಿಯೇಬಿಟ್ಟೆ.

"ಪುಟ್ಟಿ, ನಿನಗೊಂದು ಬಾಚಣಿಗೆ ಕೊಟ್ಟಿದ್ದೆನಲ್ಲ, ದಾರ ಕಟ್ಟಿ."

"ಹ್ಞೂಂ, ಕೆಂಪು ದಾರ" ಎಂದಳು. ತಟ್ಟೆ ಒರೆಸುತ್ತಿದ್ದವಳು ಕೈ ನಿಲ್ಲಿಸಲಿಲ್ಲ.

"ಹಾಗೆ ಮಾಡಬಾರದಿತ್ತು ನಾನು. ಅದು ಅಂಟೋದಲ್ಲವಂತೆ. ಅಂಟೋದೇ ಆಗಿದ್ರೂ ಹಾಗೆ ಮಾಡಬಾರದಿತ್ತು."

ಅವಳು ನಕ್ಕಳು. "ಅಯ್ಯೋ ಅತ್ತೆ! ಹಾಸ್ಟೆಲಲ್ಲಿ ಎಲ್ಲರ ಬಾಚಣಿಗೆನೂ ಕಳೆದುಹೋಗ್ತಿತ್ತು. ನಂದೊಂದು ಕಳೀಲೇ ಇಲ್ಲ, ದಾರ ಇತ್ತಲ್ಲ. ಡಿಗ್ರಿ ಮುಗಿಯೋವರೆಗೂ ಅದರಲ್ಲೇ ಬಾಚ್ಕೊಂಡೆ."

ಅದು ಕ್ಷಮೆಯೋ, ನನ್ನನ್ನು ಪಾರುಮಾಡಲು ಹೇಳಿದ ಮಾತೋ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಕೆಂಪು ದಾರವನ್ನು ಅವಳು ಬಿಚ್ಚಿ ಎಸೆಯಬಹುದಿತ್ತು, ಅಷ್ಟು ವರ್ಷ ಬಿಚ್ಚದೇ ಇದ್ದಳು ಎಂಬುದನ್ನು ಮಾತ್ರ ಮತ್ತೆ ಮತ್ತೆ ಯೋಚಿಸುತ್ತೇನೆ.

ಮರುದಿನ ಬೆಳಿಗ್ಗೆ ಮಗುವಿನ ಸ್ನಾನಕ್ಕೆ ಮುಂಚೆ ಅವಳೇ ಕಾಲು ಚಾಚಿ ಕೂತು ಮಗುವನ್ನು ಮಲಗಿಸಿಕೊಂಡಳು. ಅಂಗೈಯಲ್ಲಿ ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಯ ಹಕ್ಕಳೆಯ ಮೇಲೆ ಮೆಲ್ಲಗೆ ಸವರಿದಳು. ಸ್ವಲ್ಪ ಹೊತ್ತು ಬಿಟ್ಟು, "ಅತ್ತೆ, ಬಾಚಣಿಗೆ ಕೊಡಿ, ಮೆತ್ತನೇದು" ಎಂದಳು. ಕನ್ನಡಿಯ ಕೆಳಗಿನ ಹಲಗೆಯಿಂದ ನಾನು ದಿನಾ ಬಾಚಿಕೊಳ್ಳುವುದನ್ನೇ ಎತ್ತಿ, ತೊಳೆದು, ಅವಳ ಕೈಗೆ ಕೊಟ್ಟೆ.